32 ಜಿಬಿ ಇಎಂಎಂಸಿ ಇರುವ ಲ್ಯಾಪ್‌ಟಾಪ್: ಆರು ವರ್ಷಗಳ ಬಳಕೆಯ ನಂತರ
2019ರಲ್ಲಿ ಮಗಳ ಓದಿಗೆಂದು ಕೊಂಡ 11 ಇಂಚಿನ ಅಗ್ಗದ ಲ್ಯಾಪ್‌ಟಾಪಿನಲ್ಲಿ ಹಾರ್ಡ್‌ಡಿಸ್ಕ್ ಆಗಲಿ ಎಸ್‌ಎಸ್‌ಡಿ ಆಗಲಿ ಇರಲಿಲ್ಲ. ಮೊಬೈಲುಗಳಲ್ಲಿರುವಂಥ 32 ಜಿಬಿಯ ಇಎಂಎಂಸಿ ಎಂಬ ಸಂಗ್ರಹದ ಚಿಪ್ಪನ್ನು ಮದರ್‌ಬೋರ್ಡಿಗೇ ಬೆಸೆದಿದ್ದರು. ಬಳಕೆಗೆ ಸಿಕ್ಕಿದ್ದು 29 ಜಿಬಿ. ಜೊತೆಗೆ ಬಂದಿದ್ದ ಆಪರೇಟಿಂಗ್ ಸಿಸ್ಟಂ ಎರಡನೆಯ ವರ್ಷವೇ ಅಪ್‌ಡೇಟ್‌ಗೆ ಜಾಗವಿಲ್ಲವೆಂದು ಪೆನ್‌ಡ್ರೈವ್ ಕೇಳತೊಡಗಿದ್ದರಿಂದ ಅದನ್ನು ತೆಗೆದು ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ ಹಾಕಿದೆ.

ವೇಗದ ಬಗ್ಗೆ ನನಗೆ ದೊಡ್ಡ ದೂರಿಲ್ಲ. ಇಎಂಎಂಸಿ 5.1ರಲ್ಲಿ ಸೆಕೆಂಡಿಗೆ 400 ಎಂಬಿ ಎಂಬುದು ಕಾಗದದ ಮೇಲಿನ ಲೆಕ್ಕ. ನನಗೆ ಓದುವಾಗ 150ರ ಆಸುಪಾಸು ಸಿಕ್ಕಿದೆ. ಆದರೆ ಹೊಸ ಮೊಬೈಲುಗಳಲ್ಲಿರುವ ಯುಎಫ್‌ಎಸ್ ಸಂಗ್ರಹದಂತೆ ಇದು ಏಕಕಾಲಕ್ಕೆ ಓದುತ್ತ ಬರೆಯಲಾರದು, ಹೀಗಾಗಿ ಅಪ್‌ಡೇಟ್ ನಡೆಯುವಾಗ ಬ್ರೌಸರ್ ಕಲ್ಲಿನಂತೆ ಕೂತುಬಿಡುತ್ತದೆ.

ನನ್ನನ್ನು ಕಾಡಿದ್ದು ಸವೆತ. ಇಎಂಎಂಸಿಯೊಳಗಿನ ಫ್ಲ್ಯಾಶ್ ಮೆಮೊರಿಯಲ್ಲಿ ಬರೆಯುವುದು ‘ಪುಟ’ ಎಂಬ ಸಣ್ಣ ತುಣುಕಿನ ಲೆಕ್ಕದಲ್ಲಿ, ಅಳಿಸುವುದು ನೂರಾರು ಪುಟಗಳ ಬ್ಲಾಕಿನ ಲೆಕ್ಕದಲ್ಲಿ. ಆದ್ದರಿಂದ ಒಂದು ಸಾಲಿನ ಲಾಗ್ (ಸಿಸ್ಟಂನ ದಿನಚರಿ) ಬರೆದರೂ ಒಳಗೆ ಅದರ ಹಲವು ಪಟ್ಟು ಬರಹ ನಡೆಯಬಹುದು, ಬ್ಲಾಕನ್ನು ಅಳಿಸಬಹುದಾದ ಸಲಗಳಿಗೆ ಮಿತಿ ಇರುವುದರಿಂದ ಪ್ರತಿ ಅಳಿಸುವಿಕೆಯೂ ಅದರ ಆಯುಷ್ಯವನ್ನು ಕಳೆಯುತ್ತದೆ. ಲಿನಕ್ಸ್‌ನಲ್ಲಿ ‘ಲೈಫ್ ಟೈಮ್’ ಎಂಬ ಪುಟ್ಟ ಕಡತ ತೆರೆದರೆ ಚಿಪ್ ತಾನೇ ಈ ಲೆಕ್ಕ ಒಪ್ಪಿಸುತ್ತದೆ: 01 ಎಂದರೆ ಆಯುಷ್ಯದಲ್ಲಿ ಶೇ. 10ರೊಳಗೆ ಮುಗಿದಿದೆ, 02 ಎಂದರೆ ಶೇ. 20ರೊಳಗೆ, ಹೀಗೆ. 2021ರಲ್ಲಿ ನನ್ನದು 04 ತೋರಿಸಿತು. ಎರಡು ವರ್ಷಕ್ಕೆ ಇಷ್ಟಾದರೆ ಹೇಗೆಂದು ಹೆದರಿ, ಬ್ರೌಸರಿನ ಕ್ಯಾಶ್ ಮತ್ತು ಲಾಗ್‌ಗಳನ್ನು ರ‍್ಯಾಮ್‌ಗೆ ಸಾಗಿಸಿದೆ, ರ‍್ಯಾಮ್ ಸಾಲದಾದಾಗ ಚಿಪ್ಪಿಗೆ ಬರೆಯುವ ಸ್ವಾಪ್ ತೆಗೆದು, ರ‍್ಯಾಮ್‌ನೊಳಗೇ ಡೇಟಾವನ್ನು ಕುಗ್ಗಿಸಿಡುವ ಜಡ್‌ರ‍್ಯಾಮ್ ಹಾಕಿದೆ, ಅಳಿಸಿದ ಕಡತಗಳ ಜಾಗ ಖಾಲಿಯೆಂದು ಚಿಪ್ಪಿಗೆ ತಿಳಿಸುವ ಟ್ರಿಮ್ ವಾರಕ್ಕೊಮ್ಮೆ ನಡೆಯುವಂತೆ ಮಾಡಿದೆ. ಈಗ, ನಾಲ್ಕು ವರ್ಷಗಳ ಮೇಲೆ, ಅಂಕಿ 05ರಲ್ಲಿದೆ.

ಇದನ್ನು ಅತಿ ಜಾಗ್ರತೆ ಎನ್ನುವವರು ಟೆಸ್ಲಾದ ಮಾಡೆಲ್ ಎಸ್ ಮತ್ತು ಎಕ್ಸ್ ಕಾರುಗಳನ್ನು ನೆನೆಯಬಹುದು: ಪರದೆ ನಡೆಸುವ ಕಂಪ್ಯೂಟರಿನ 8 ಜಿಬಿ ಇಎಂಎಂಸಿ ಸವೆದು ಹಿಂಬದಿಯ ಕ್ಯಾಮೆರಾ ಕಾಣದಂತಾಗುತ್ತಿದ್ದುದರಿಂದ 2021ರಲ್ಲಿ ಅಮೆರಿಕದಲ್ಲಿ ಸುಮಾರು 1.35 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು.

ಬೆಂಗಳೂರಿನ ಎಸ್.ಪಿ. ರಸ್ತೆಯ ರಿಪೇರಿ ಅಂಗಡಿಯೊಂದರಲ್ಲಿ ಬದಲಿ ಚಿಪ್ಪಿನ ಬಗ್ಗೆ ವಿಚಾರಿಸಿದಾಗ, ಹುಡುಗ ಬೋರ್ಡನ್ನು ದೀಪದಡಿ ಹಿಡಿದು, “ಹಾಕ್ಕೊಡ್ತೀನಿ ಸರ್, ಹಳೇದು ಸತ್ತೋದ್ರೆ ಅದರೊಳಗಿನ ಡೇಟಾ ಮಾತ್ರ ಕೇಳ್ಬೇಡಿ” ಎಂದ. ಅಂದಿನಿಂದ ಮಗಳ ಟಿಪ್ಪಣಿಗಳೆಲ್ಲ ಪ್ರತಿ ಭಾನುವಾರ ಹೊರಗಿನ ಡಿಸ್ಕಿಗೆ ನಕಲಾಗುತ್ತವೆ. ಓದು, ಬರಹ, ವಿಡಿಯೊ ಪಾಠಗಳಿಗೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ, ಎಸ್‌ಎಸ್‌ಡಿ ಸೇರಿಸಿಕೊಳ್ಳಲು ಎಂ.2 ಸ್ಲಾಟ್ ಒಂದಿದ್ದಿದ್ದರೆ ನಾಲ್ಕು ಕೊಡುತ್ತಿದ್ದೆ.