ಸ್ಕೈಡೈವಿಂಗಿಗೆ ಸೊಂಟದ ಬೆಲ್ಟ್ ಕಡ್ಡಾಯ ಅಂತ ಹೇಳಿದರೆ ಒಂದು ರೂಪಾಯಿಯೂ ಕೊಡಬೇಡಿ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡ್ತೇನೆ. ಟ್ಯಾಂಡಮ್ ಜಂಪಿಗೆ, ಅಂದರೆ ಇನ್‌ಸ್ಟ್ರಕ್ಟರ್ ಮೈಗೆ ಕಟ್ಟಿಕೊಂಡು ಇಬ್ಬರೂ ಒಂದೇ ಪ್ಯಾರಾಚೂಟಿನಲ್ಲಿ ಹಾರುವುದಕ್ಕೆ, ಸೊಂಟದ ಬೆಲ್ಟ್ ಬೇಡ. ಕಡ್ಡಾಯ ಅಲ್ಲ, ಪ್ರಯೋಜನವೂ ಇಲ್ಲ, ಹಾಕಿಕೊಂಡರೆ ತೊಂದರೆಯೇ ಜಾಸ್ತಿ. ಮಂಗಳೂರಿನಲ್ಲಿ ಕೂತು ಇದನ್ನು ‘ಬ್ಯಾಕ್ ಸೇಫ್ಟಿ ಪ್ಯಾಕೇಜ್’ ಅಂತ ಮಾರುವ ಬುಕ್ಕಿಂಗ್ ಏಜೆಂಟ್ ಒಬ್ಬ ಇದ್ದಾನೆ. ನಾವು ನಾಲ್ಕು ಜನ ತಲೆಗೆ 3,800ರ ಹಾಗೆ 15,200 ರೂಪಾಯಿ ಅವನ ಕೈಗೆ ಹಾಕಿದ್ದೇವೆ. ಇವತ್ತು ಬೆಳಿಗ್ಗೆ ಅವನ ವಾಟ್ಸಾಪ್ ಸ್ಟೇಟಸ್ ನೋಡ್ತೇವೆ, ಮಳೆ ಮುಗಿದ ಮೇಲೆ ಹೊಸ ಬ್ಯಾಚ್ ಅಂತೆ, ಪ್ಯಾಕೇಜ್ ಈಗ 4,200 ಅಂತೆ. ಅದಕ್ಕೇ ಇದನ್ನು ಬರೆಯುವುದು.

ಈ ವ್ಯವಹಾರ ಸಾಮಾನ್ಯವಾಗಿ ಹೇಗೆ ನಡೀತದೆ ಅಂತ ಹೋಗಿ ಬಂದವರಿಗೆ ಗೊತ್ತುಂಟು. ಡ್ರಾಪ್‌ಝೋನಿಗೆ, ಅಂದರೆ ಹಾರಿಸುವ ಜಾಗದವರಿಗೆ, ಕೊಡುವ ದುಡ್ಡಿನಲ್ಲೇ ವಿಮಾನ, ಇನ್‌ಸ್ಟ್ರಕ್ಟರ್, ಹಾರ್ನೆಸ್ (ಮೈಗೆ ಬಿಗಿಯುವ ಪಟ್ಟಿಗಳ ಕಟ್ಟು), ಹಾರುವ ಮೊದಲಿನ ಬ್ರೀಫಿಂಗ್ ಎಲ್ಲ ಸೇರಿರ್ತದೆ. ಬೇರೆ ತರಬೇತಿ ಅಂತ ಟ್ಯಾಂಡಮ್ ಪ್ಯಾಸೆಂಜರಿಗೆ ಇಲ್ಲ. ನಮಗೂ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟದ್ದು, ನಾಚಿಕೆ ಆಗುವುದು ಅಲ್ಲೇ. ಯಾಕೆ ಕೊಟ್ಟದ್ದು ಅಂದರೆ ಆ ಏಜೆಂಟ್ ಮಾತು ತೆಗೆದದ್ದೇ ಸೊಂಟದಿಂದ. “ಸರ್, ಪ್ಯಾರಾಚೂಟ್ ಓಪನ್ ಆಗುವಾಗ ಎಷ್ಟು ಜರ್ಕ್ ಬರ್ತದೆ ಗೊತ್ತುಂಟಾ? ಡಿಸ್ಕ್ ಹೋದರೆ ಯಾರು ಜವಾಬ್ದಾರಿ? ಬೆಲ್ಟ್ ಇಲ್ಲದಿದ್ದರೆ ಅಲ್ಲಿ ವಿಮಾನ ಹತ್ತಿಸುವುದೇ ಇಲ್ಲ. ಕಡ್ಡಾಯ.” ಕಡ್ಡಾಯ ಅಂತ ಮೂರು ಸಲ ಹೇಳಿದ. ಬೆಲ್ಟಿಗೆ 1,800, ತರಬೇತಿಗೆ 2,000. ಬಿಲ್ ಕೇಳಿದ್ದಕ್ಕೆ “ಆಮೇಲೆ ಮೇಲ್ ಮಾಡ್ತೇನೆ” ಅಂದ. ಆ ಆಮೇಲೆ ಇನ್ನೂ ಬರಲಿಲ್ಲ.

ತರಬೇತಿ ತಣ್ಣೀರುಬಾವಿ ಬೀಚಿನಲ್ಲಿ. ಒಂದು ಪ್ಲಾಸ್ಟಿಕ್ ಕುರ್ಚಿ. ಬೆಲ್ಟ್ ಬಿಗಿದು ಕುರ್ಚಿ ಮೇಲೆ ನಿಂತು ಮರಳಿಗೆ ಹಾರಬೇಕು, ಹನ್ನೆರಡು ಸಲ, “ಕಾಲು ಗಟ್ಟಿ ಇಡಿ, ಮೊಣಕಾಲು ಮಡಚಬೇಡಿ” ಅಂತ. ಅಯ್ಯೋ ಮಾರಾಯ್ರೆ. ಮೊಣಕಾಲು ನೆಟ್ಟಗಿಟ್ಟು ಇಳಿದರೆ ಪೆಟ್ಟು ನೇರ ಹಿಮ್ಮಡಿಯಿಂದ ಸೊಂಟಕ್ಕೆ ಹತ್ತುತ್ತದೆ, ನಡುವೆ ಅದನ್ನು ನುಂಗಲು ಏನೂ ಇಲ್ಲ. ಸೊಂಟ ಉಳಿಸುವ ಕ್ಲಾಸಿನಲ್ಲಿ ಸೊಂಟ ಮುರಿಯುವ ಪಾಠ. ಟ್ಯಾಂಡಮ್ಮಿನಲ್ಲಿ ಪ್ಯಾಸೆಂಜರ್ ಸಾಮಾನ್ಯವಾಗಿ ಕಾಲೂರಿ ಇಳಿಯುವುದಿಲ್ಲ, ಕಾಲು ಎತ್ತಿ ಹಿಡಿಯುವುದು. ಒಂಟಿಯಾಗಿ ಹಾರುವವರ ಬೀಳುವ ಕ್ರಮ ಬೇರೆ. ಪಾದ, ಮೊಣಕಾಲು ಎರಡನ್ನೂ ಜೋಡಿಸಿ, ಮೊಣಕಾಲು ಸ್ವಲ್ಪ ಮಡಚಿ, ಅಂಗಾಲಿನ ಮುಂಭಾಗ, ಮೀನಖಂಡ, ತೊಡೆಯ ಹೊರಬದಿ, ಪೃಷ್ಠ, ಬೆನ್ನಿನ ಪಕ್ಕದ ಸ್ನಾಯು ಅಂತ ಐದು ಜಾಗದ ಮೇಲೆ ಪೆಟ್ಟನ್ನು ಹಂಚುತ್ತಾ ಉರುಳುವುದು. ಅವನು ಕಲಿಸಿದ್ದು ಇದೂ ಅಲ್ಲ, ಅದೂ ಅಲ್ಲ. ಮರಳು ಆದ್ದರಿಂದ ಬಚಾವ್.

ಇನ್ನು ಮರ್ಯಾದೆ ಹೋದ ಗಳಿಗೆ. ಹರಿಯಾಣದ ಏರ್‌ಸ್ಟ್ರಿಪ್, ಬೆಳಗ್ಗಿನ ಚಳಿ. ಇನ್‌ಸ್ಟ್ರಕ್ಟರ್ ನಮ್ಮಲ್ಲೊಬ್ಬರಿಗೆ ಹಾರ್ನೆಸ್ ಬಿಗಿಯುತ್ತಾ ಇದ್ದವರು ಸೊಂಟದ ಹತ್ತಿರ ಕೈ ನಿಲ್ಲಿಸಿದರು. ಬೆರಳಲ್ಲಿ ಟಕ್ ಟಕ್ ಅಂತ ಬಡಿದರು. ಜಂಪ್‌ಸೂಟಿನ ಒಳಗಿನಿಂದ ಉಕ್ಕಿನ ಪಟ್ಟಿಯ ಸದ್ದು. “ಇದೇನು? ಬೆನ್ನಿನ ಆಪರೇಷನ್ ಆಗಿದೆಯಾ? ಆಗಿದ್ದರೆ ನಾನು ಹಾರಿಸುವುದಿಲ್ಲ.” ಅಂದರೆ ಯಾವುದು ಇಲ್ಲದಿದ್ದರೆ ವಿಮಾನ ಹತ್ತಿಸುವುದಿಲ್ಲ ಅಂತ ಹೇಳಿ ಮಾರಿದ್ದನೋ, ಅದು ಇದ್ದದ್ದಕ್ಕೇ ಜಂಪ್ ರದ್ದಾಗುವುದರಲ್ಲಿತ್ತು! ಏನೂ ಆಗಿಲ್ಲ ಅಂತ ನಂಬಿಸಲು ಕಾಲು ಗಂಟೆ. ನಾಲ್ಕೂ ಬೆಲ್ಟ್ ಬಿಚ್ಚಿ ಬೆಂಚಿನ ಮೇಲೆ ಸಾಲಾಗಿ ಇಟ್ಟಾಯಿತು, ಉಳಿದ ಪ್ಯಾಸೆಂಜರುಗಳೆಲ್ಲ ನೋಡುತ್ತಾ ಇದ್ದಾರೆ. ಒಂದರ ಮೇಲಿದ್ದ ಪ್ಯಾರಾಚೂಟ್ ಚಿತ್ರದ ಸ್ಟಿಕ್ಕರ್ ಬೆವರಿಗೆ ಎದ್ದು ಬಂದಿತ್ತು. ಎಳೆದರೆ ಅಡಿಯಲ್ಲಿ ಅಸಲಿ ಲೇಬಲ್: ಲಂಬೋ ಸೇಕ್ರಲ್ ಬೆಲ್ಟ್, ಎಂಆರ್‌ಪಿ 540. ಮಂಗಳೂರಿನ ಹಂಪನಕಟ್ಟೆಯಲ್ಲಿ ಯಾವ ಮೆಡಿಕಲ್ಲಿಗೆ ಹೋದರೂ ಸಿಗುವ ಮಾಲು.

ಈ ಬೆಲ್ಟ್ ಯಾಕೆ ಆಗುವುದಿಲ್ಲ ಅಂತ ಸರಿಯಾಗಿ ಹೇಳ್ತೇನೆ, ನಾಳೆ ನಿಮಗೂ ಅದೇ ಮಾತು ಬರ್ತದೆ. ಟ್ಯಾಂಡಮ್ಮಿನಲ್ಲಿ ಬೀಳುವ ವೇಗ ಗಂಟೆಗೆ ಸುಮಾರು 200 ಕಿಲೋಮೀಟರ್. ಇಬ್ಬರ ತೂಕಕ್ಕೆ ಅದು ಇನ್ನೂ ಏರಬೇಕು, ಹಿಂದೆ ಬಿಡುವ ಡ್ರೋಗ್ ಅನ್ನುವ ಚಿಕ್ಕ ಪ್ಯಾರಾಚೂಟ್ ಅದನ್ನು ತಡೆದು ಹಿಡಿಯುತ್ತದೆ. ಮುಖ್ಯ ಕ್ಯಾನಪಿ, ಅಂದರೆ ದೊಡ್ಡ ಪ್ಯಾರಾಚೂಟ್, ಒಮ್ಮೆಲೇ ಪಟ್ಟಂತ ಅರಳಬಾರದು ಅಂತಲೇ ಹಗ್ಗಗಳ ಮಧ್ಯೆ ಸ್ಲೈಡರ್ ಅಂತ ಒಂದು ಚೌಕ ಬಟ್ಟೆ ಇರ್ತದೆ. ನಾಲ್ಕು ಮೂಲೆಯ ಬಳೆಗಳಲ್ಲಿ ಹಗ್ಗ ಹಾದು ಹೋಗಿ, ಅದು ಮೇಲಿನಿಂದ ನಿಧಾನ ಕೆಳಗೆ ಜಾರಿದ ಹಾಗೆ ಕ್ಯಾನಪಿ ತೆರೆದುಕೊಳ್ಳುತ್ತದೆ. ಇದಕ್ಕೆ ಮೂರರಿಂದ ಐದು ಸೆಕೆಂಡ್. ಎಲ್ಲ ಸರಿ ಇದ್ದಾಗಲೂ ದೇಹದ ತೂಕದ ಮೂರು ನಾಲ್ಕು ಪಟ್ಟು ಎಳೆತ ಬೀಳ್ತದೆ. 80 ಕಿಲೋದವರಿಗೆ 240ರಿಂದ 320 ಕಿಲೋ ಅಂತ ಲೆಕ್ಕ ಹಾಕಿ. ಪ್ಯಾರಾಚೂಟ್ ಮಡಚುವಾಗ ಸ್ಲೈಡರ್ ಮೇಲಿನ ತುದಿಯವರೆಗೆ ಕೂರದಿದ್ದರೆ ಅದಕ್ಕೂ ಹೆಚ್ಚು. ಈ ಭಾರವನ್ನೆಲ್ಲ ಹೊರುವುದು ತೊಡೆಯ ಪಟ್ಟಿ ಮತ್ತು ಹೆಗಲಿನ ಪಟ್ಟಿ. ವೆಲ್ಕ್ರೋ ಅಂಟಿಸಿದ ಬೆಲ್ಟ್ ಇದರಲ್ಲಿ ಎಂತ ಮಾಡ್ತದೆ? ಎಂತದೂ ಇಲ್ಲ. ಬದಲಿಗೆ, ಅದರ ದಪ್ಪದಿಂದ ಹಾರ್ನೆಸ್ ಮೈಗೆ ಸರಿಯಾಗಿ ಕೂರುವುದಿಲ್ಲ, ಓಪನಿಂಗಿನಲ್ಲಿ ಬೆಲ್ಟ್ ಅದುಮಿದ ಕೂಡಲೇ ಬಿಗಿದ ಪಟ್ಟಿ ಸಡಿಲ. ಒಳಗಿನ ಉಕ್ಕಿನ ಪಟ್ಟಿ ಪಕ್ಕೆಗೆ ಒತ್ತುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಇಳಿಯುವಾಗ ಸೊಂಟದಿಂದ ಕಾಲು ಎತ್ತಲಿಕ್ಕೆ ಅದು ಬಿಡುವುದಿಲ್ಲ.

ಹಾಗಾದರೆ ಸೊಂಟ ಉಳಿಯುವುದು ಯಾವುದರಿಂದ? ತೊಡೆಯ ಪಟ್ಟಿಯಿಂದ. ನಗಬೇಡಿ. ಪಟ್ಟಿ ತೊಡೆಯ ನಡುವಿನಲ್ಲಿ ಅಲ್ಲ, ತೊಡೆ ಸೊಂಟಕ್ಕೆ ಸೇರುವ ಮಡಿಕೆಯಲ್ಲಿ ಕೂರಬೇಕು. ಬಿಗಿದ ಮೇಲೆ ಎರಡು ಸಲ ಅರ್ಧ ಕೂತು ಏಳಿ, ಸಡಿಲ ಅನ್ನಿಸಿದರೆ ಅಲ್ಲೇ ಹೇಳಿ, ಪುನಃ ಎಳೆಸಿಕೊಳ್ಳಿ. ಅದು ಸಡಿಲ ಇದ್ದರೆ ಓಪನಿಂಗಿನಲ್ಲಿ ಇಡೀ ಹಾರ್ನೆಸ್ ಮೇಲಕ್ಕೆ ಜಾರಿ ದೇಹ ಕೆಳಗೆ ಕುಸಿಯುತ್ತದೆ, ಎರಡು ಪಟ್ಟಿ ಹೆಚ್ಚು ಕಮ್ಮಿ ಇದ್ದರೆ ಸೊಂಟ ಒಂದು ಬದಿಗೆ ತಿರುಚುತ್ತದೆ. ಆ ತಿರುಚಿದ ನೋವು ಅದೇ ದಿನ ಗೊತ್ತಾಗುವುದಿಲ್ಲ, ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಗೊತ್ತಾಗ್ತದೆ.

ವಿಮಾನದಿಂದ ಹೊರಬೀಳುವಾಗ ಬೆನ್ನು ಬಿಲ್ಲಿನ ಹಾಗೆ ಮಾಡಿ ಅಂತಾರೆ. ಹೆಚ್ಚಿನವರು ಮಾಡುವ ತಪ್ಪು, ಸೊಂಟದ ಒಂದೇ ಗೆಣ್ಣನ್ನು ಬಗ್ಗಿಸುವುದು. ಪೃಷ್ಠದ ಸ್ನಾಯು ಬಿಗಿದು ಸೊಂಟದ ಕಟ್ಟನ್ನು ಮುಂದಕ್ಕೆ ತಳ್ಳಬೇಕು, ಎದೆ ಮತ್ತು ತಲೆ ಎತ್ತಬೇಕು, ಕಾಲು ಹಿಂದಕ್ಕೆ ಮಡಚಿ ಇನ್‌ಸ್ಟ್ರಕ್ಟರ್ ಕಾಲುಗಳ ನಡುವೆ. ಮನೆಯಲ್ಲಿ ಚಾಪೆಯ ಮೇಲೆ ಬೋರಲು ಮಲಗಿ ನೋಡಿ, ಪೃಷ್ಠ ಬಿಗಿಯದೆ ಎದೆ ಎತ್ತಿದರೆ ಸೊಂಟದಲ್ಲಿ ಚುಚ್ಚುತ್ತದೆ, ಬಿಗಿದು ಎತ್ತಿದರೆ ಇಲ್ಲ. ವ್ಯತ್ಯಾಸ ಅಷ್ಟೇ. ಕ್ಯಾನಪಿ ತೆರೆಯುವ ಹೊತ್ತಿಗೆ ಕೆಳಗೆ ಬಗ್ಗಿ ನೋಡುವುದು, ಕ್ಯಾಮೆರಾ ಕಡೆ ತಿರುಗುವುದು ಬೇಡ. ಮೈ ನೇರ, ತಲೆ ನೇರ.

ಆಮೇಲೆ ಕ್ಯಾನಪಿಯ ಕೆಳಗೆ ಐದಾರು ನಿಮಿಷ ನೇತಾಡುವುದು. ಎಷ್ಟೋ ಜನರಿಗೆ ಸೊಂಟ ಹಿಡಿಯುವುದು ಇಲ್ಲಿ, ಜರ್ಕಿನಿಂದ ಅಲ್ಲ. ಹಾರುವ ಮೊದಲು ನಿಮ್ಮನ್ನು ಇನ್‌ಸ್ಟ್ರಕ್ಟರಿಗೆ ಜೋಡಿಸುವ, ಸೊಂಟದ ಎರಡು ಬದಿಯ ಕೊಂಡಿಗಳನ್ನು ಬಿಗಿ ಮಾಡಿರ್ತಾರೆ. ತೆರೆದ ಮೇಲೆ ಇನ್‌ಸ್ಟ್ರಕ್ಟರ್ ಅದನ್ನು ಸಡಿಲಿಸಿದರೆ ನೀವು ಕೆಲವು ಇಂಚು ಕೆಳಗೆ ಇಳಿದು ಕೂತ ಭಂಗಿಗೆ ಬರ್ತೀರಿ. ಹೆಚ್ಚಿನವರು ಅವರಾಗಿಯೇ ಮಾಡ್ತಾರೆ. ಸೊಂಟ ಎಳೀತಾ ಉಂಟು ಅಂತ ಅನ್ನಿಸಿದರೆ ಬಾಯಿ ಬಿಟ್ಟು ಹೇಳಿ, ಗಾಳಿಯ ಸದ್ದು ಆಗ ಕಡಿಮೆ, ಕೇಳ್ತದೆ.

ಇಳಿಯುವುದು ಮುಖ್ಯ. ಮೇಲೆಯೇ ಒಂದು ಸಲ ಅಭ್ಯಾಸ ಮಾಡಿಸ್ತಾರೆ: ಮೊಣಕಾಲ ಹತ್ತಿರ ಪ್ಯಾಂಟನ್ನು ಎರಡೂ ಕೈಯಲ್ಲಿ ಹಿಡಿದು ತೊಡೆ ಎತ್ತಿ, ಕಾಲು ಮುಂದಕ್ಕೆ ಚಾಚಿ, ಬೆರಳು ಆಕಾಶದ ಕಡೆ. ನೆಲ ಹತ್ತಿರ ಬಂದ ಕೂಡಲೇ ಹೆದರಿ ಕಾಲು ಕೆಳಗೆ ಬಿಡುವವರೇ ಜಾಸ್ತಿ. ಬಿಟ್ಟರೆ ಕಾಲು ನೆಲಕ್ಕೆ ಸಿಕ್ಕಿ ಇಬ್ಬರೂ ಮುಂದಕ್ಕೆ ಮಗುಚುತ್ತಾರೆ, ಇನ್‌ಸ್ಟ್ರಕ್ಟರ್ ಭಾರ ನಿಮ್ಮ ಬೆನ್ನಿನ ಮೇಲೆ. ಕಾಲು ಎತ್ತಿ ಬೆನ್ನು ಗೂನು ಮಾಡಿ ದೊಪ್ಪಂತ ಕುಂಡೆ ಊರಿದರೆ ಅದೂ ಕಷ್ಟ, ಬಾಲಮೂಳೆಗೂ ಸೊಂಟದ ಮೇಲ್ಭಾಗದ ಕಶೇರುವಿಗೂ ಪೆಟ್ಟು. ಹಾಗಾಗಿ ಬೇಕಾದದ್ದು ತೊಡೆಯ ಹಿಂಭಾಗದ ಸ್ನಾಯುವಿನ ಸಡಿಲ ಮತ್ತು ಹೊಟ್ಟೆಯ ಬಲ. ಒಂದು ತಿಂಗಳು ಮೊದಲೇ ಶುರು ಮಾಡಿ: ಮಲಗಿ ಪೃಷ್ಠ ಎತ್ತುವ ಬ್ರಿಡ್ಜ್ 12ರಂತೆ ಮೂರು ಸಲ, ಪ್ಲಾಂಕ್ 20ರಿಂದ 30 ಸೆಕೆಂಡ್ ಮೂರು ಸಲ, ತೊಡೆಯ ಹಿಂಭಾಗ ಎಳೆಯುವುದು ಒಂದೊಂದು ಕಾಲಿಗೆ 30 ಸೆಕೆಂಡ್. ಕುರ್ಚಿಯ ತುದಿಯಲ್ಲಿ ಕೂತು ಎರಡೂ ಕಾಲು ಎತ್ತಿ ಬೆನ್ನು ಬಾಗಿಸದೆ ಹತ್ತು ಸೆಕೆಂಡ್ ಹಿಡಿಯಲು ಆದರೆ ಸಾಕು. ಕುರ್ಚಿ ಇದಕ್ಕೆ, ಮೇಲಿಂದ ಹಾರಲಿಕ್ಕೆ ಅಲ್ಲ!

ಮಂಗಳೂರಿನ ಬಜ್ಪೆ ಏರ್‌ಪೋರ್ಟಿನಿಂದ ದೆಹಲಿ, ಅಲ್ಲಿಂದ ಗಂಟೆಗಟ್ಟಲೆ ಕಾರು, ಮರುದಿನ ಚಿಕ್ಕ ವಿಮಾನದ ನೆಲದಲ್ಲಿ ಮೊಣಕಾಲು ಮಡಚಿ ಇಪ್ಪತ್ತು ನಿಮಿಷ. ಹಾರುವ ಮೊದಲೇ ಸೊಂಟ ಅರ್ಧ ಹೋಗಿರ್ತದೆ. ಬಂದ ದಿನವೇ ಹಾರಬೇಡಿ, ಹತ್ತು ನಿಮಿಷ ನಡೆದು ಮೈ ಬಿಸಿ ಮಾಡಿಕೊಳ್ಳಿ. ಡಿಸ್ಕ್ ಜಾರಿ ಕಾಲಿಗೆ ನೋವು ಇಳಿಯುವವರು, ಬೆನ್ನಿನ ಆಪರೇಷನ್ ಆದವರು, ಎಲುಬು ಸವೆದವರು ಡಾಕ್ಟರನ್ನು ಕೇಳದೆ ಹೋಗಲೇಬೇಡಿ.

ಈಗ ಆ ಏಜೆಂಟನ ಉತ್ತರಗಳು. ವಾಪಸ್ ಬಂದು ಲೇಬಲ್ಲಿನ ಫೋಟೋ ಕಳಿಸಿದ್ದಕ್ಕೆ ಮೊದಲ ಉತ್ತರ: “ಅಲ್ಲಿಯವರಿಗೆ ಗೊತ್ತಿಲ್ಲ ಸರ್, ನಮ್ಮದು ಇಂಟರ್‌ನ್ಯಾಷನಲ್ ಸ್ಟ್ಯಾಂಡರ್ಡ್.” ಯಾವ ಸ್ಟ್ಯಾಂಡರ್ಡ್ ಅಂತ ಕೇಳಿದರೆ ಹೆಬ್ಬೆರಳಿನ ಚಿತ್ರ. ದುಡ್ಡು ವಾಪಸ್ ಕೇಳಿದರೆ, “ನಿಮಗೆ ಬೆನ್ನು ನೋವು ಬಂತಾ ಸರ್? ಬರಲಿಲ್ಲ ಅಲ್ವಾ? ಬೆಲ್ಟ್ ಕೆಲಸ ಮಾಡಿದೆ.” ಬೆಲ್ಟ್ ಬೆಂಚಿನ ಮೇಲಿತ್ತು ಮಾರಾಯಾ! ನಮ್ಮಲ್ಲೊಬ್ಬರಿಗೆ ಎರಡು ದಿನ ಸೊಂಟ ಹಿಡಿದದ್ದು ನಿಜ, ಅದನ್ನು ಹೇಳಿದರೆ, “ಅವರು ಬೆಲ್ಟ್ ಹಾಕಿರಲಿಲ್ಲ ಅಲ್ವಾ ಸರ್, ಅದಕ್ಕೇ.” ಹೇಗೆ ಬಂದರೂ ಅವನದ್ದೇ ಸರಿ. ಆಮೇಲೆ “ಯೂಸ್ ಮಾಡಿದ ಮಾಲು ವಾಪಸ್ ತೆಗೆಯುವುದಿಲ್ಲ.” ಆಮೇಲೆ ಬ್ಲಾಕ್. ಮಂಡೆಬಿಸಿ ಬೇಡ ಅಂತ ಬಿಡಬಹುದಿತ್ತು, ಆದರೆ ಬೇರೆ ನಂಬರಿನಿಂದ ಸ್ಟೇಟಸ್ ನೋಡಿದ ಮೇಲೆ ಬಿಡಲು ಮನಸ್ಸಾಗಲಿಲ್ಲ.

ಏಜೆಂಟ್ ಏನೇ ಹೇಳಲಿ, ಡ್ರಾಪ್‌ಝೋನಿಗೆ ನೀವೇ ಫೋನ್ ಮಾಡಿ ಕೇಳಿ. ಎರಡು ನಿಮಿಷದ ಕೆಲಸ, ನಾವು ಮಾಡದೆ ಇದ್ದದ್ದು ಅದನ್ನೇ. ಇನ್‌ಸ್ಟ್ರಕ್ಟರಿಗೆ ಟ್ಯಾಂಡಮ್ ರೇಟಿಂಗ್, ಅಂದರೆ ಪ್ಯಾಸೆಂಜರನ್ನು ಕಟ್ಟಿಕೊಂಡು ಹಾರುವ ಅರ್ಹತೆ, ಉಂಟಾ ಅಂತಲೂ ಕೇಳಿ. ಬಿಲ್ ಇಲ್ಲದೆ ಯಾರದ್ದೋ ಸ್ವಂತ ನಂಬರಿಗೆ ಯುಪಿಐ ಮಾಡಬೇಡಿ. ಹಾರಿ ಬಂದ ಮೇಲೆ ಬೆನ್ನಿನ ಎಲುಬಿನ ಒಂದೇ ಜಾಗ ಮುಟ್ಟಿದರೆ ಜೀವ ಹೋದ ಹಾಗೆ ಆದರೆ ನಡೆಯಲು ಆಗ್ತದಲ್ಲ ಅಂತ ಸುಮ್ಮನಿರಬೇಡಿ, ಎಕ್ಸ್‌ರೇ ತೆಗೆಸಿ. ಕಾಲಿನ ಬಲ ಹೋದರೆ, ತೊಡೆಯ ಸಂದಿ ಮರಗಟ್ಟಿದರೆ, ಮೂತ್ರ ಹಿಡಿತ ತಪ್ಪಿದರೆ ಅದೇ ಗಳಿಗೆ ಆಸ್ಪತ್ರೆ.

ನಾವು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿದ್ದೇವೆ. ಯುಪಿಐ ರಸೀದಿ ಮತ್ತು ಚಾಟ್ ಇಟ್ಟುಕೊಂಡು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವ ಆಲೋಚನೆ ಉಂಟು. ಸ್ಟಿಕ್ಕರ್ ಅಂಟಿಸಿದ ಇಂತಹ ಬೆಲ್ಟ್ ಮಂಗಳೂರು, ಉಡುಪಿ ಕಡೆಯಲ್ಲಿ ನಿಮ್ಮ ಹತ್ತಿರವೂ ಇದ್ದರೆ ಸ್ಟಿಕ್ಕರ್ ಕೀಳಬೇಡಿ, ಹಾಗೆಯೇ ಫೋಟೋ ತೆಗೆದು ತಿಳಿಸಿ. ಒಟ್ಟಿಗೇ ಕೊಡೋಣ.