ಹಳೇ ಪಿಸಿ, ಎರಡು ಡಿಸ್ಕು, ಓಪನ್‌ಮೀಡಿಯಾವಾಲ್ಟ್: ನಾಲ್ಕು ವರ್ಷ ಬಳಸಿದ ಮೇಲೆ

2021ರ ಜೂನ್ 1ಕ್ಕೆ ಗೂಗಲ್ ಫೋಟೋಸ್‌ನಲ್ಲಿ ಎಷ್ಟು ಬೇಕಾದರೂ ಪುಕ್ಕಟೆ ತುಂಬಿಸುವ ಕಾಲ ಮುಗಿಯಿತಲ್ಲ, ಫೋಟೋ, ಸಿನಿಮಾ ಎಲ್ಲ ಮನೆಯಲ್ಲೇ ಇಡುವ ನಮ್ಮನೆ ಸರ್ವರ್ ಹುಟ್ಟಿದ್ದು ಅದರ ಮುಂದಿನ ತಿಂಗಳು. ಮಗಳಿಗೆ ಆಗ ಎರಡು ವರ್ಷ. ಫೋನು ತುಂಬಿತು ಅಂತ ಹೆಂಡತಿ ವಾರಕ್ಕೊಮ್ಮೆ ನನ್ನ ಮುಂದೆ ಹಿಡಿಯುತ್ತಿದ್ದಳು.

ಮೊದಲು ಕಣ್ಣು ಬಿದ್ದಿದ್ದು ಸಿನಾಲಜಿ ಕಂಪನಿಯ ಸಿದ್ಧ ಸರ್ವರ್ ಡಿಎಸ್220 ಪ್ಲಸ್ ಮೇಲೆ. ಚೊಕ್ಕ ಡಬ್ಬಿ, ಎರಡು ಡಿಸ್ಕಿಗೆ ಜಾಗ, ಕರೆಂಟೂ ಕಮ್ಮಿ. ಆದರೆ ದುಡ್ಡೆಲ್ಲ ಖಾಲಿ ಡಬ್ಬಿಗೇ ಹೋಗುತ್ತೆ, ಡಿಸ್ಕಿಗೆ ಬೇರೆ ಕೊಡಬೇಕು. ಇತ್ತ ಅಟ್ಟದ ಮೇಲೆ 4ನೇ ತಲೆಮಾರಿನ ಐ3, 8 ಜಿಬಿ ರ‍್ಯಾಮ್‌ನ ಪಿಸಿ ಧೂಳು ತಿನ್ನುತ್ತಾ ಕೂತಿತ್ತು. ಪಿಸಿಯನ್ನೇ ಇಂಥ ಸರ್ವರ್ ಮಾಡುವ ತಂತ್ರಾಂಶಗಳಲ್ಲಿ ಟ್ರೂನ್ಯಾಸ್ ಕೇಳುವ ಕನಿಷ್ಠ ರ‍್ಯಾಮೇ 8 ಜಿಬಿ. ಅನ್‌ರೇಡ್‌ಗೆ ಲೈಸೆನ್ಸ್ ಕೊಳ್ಳಬೇಕು. ಉಳಿದದ್ದು ಡೆಬಿಯನ್ ಆಧಾರದ, ಪುಕ್ಕಟೆಯ ಓಪನ್‌ಮೀಡಿಯಾವಾಲ್ಟ್. 120 ಜಿಬಿಯ ಎಸ್‌ಎಸ್‌ಡಿಗೆ ಅದನ್ನು ಹಾಕಿ, 4 ಟಿಬಿಯ ಎರಡು ಡಿಸ್ಕು ಕೂರಿಸಿದೆ.

ಎರಡು ಡಿಸ್ಕನ್ನು ಒಂದರಂತೆ ಜೋಡಿಸುವ ರೇಡ್ ಮಾಡಲಿಲ್ಲ. ಬೈದವರೂ ಇದ್ದಾರೆ. ಒಂದರಲ್ಲಿ ಆದದ್ದೆಲ್ಲ ಇನ್ನೊಂದರಲ್ಲೂ ಆಗುವ ಹಾಗೆ ಮಿರರ್ ಮಾಡಿದರೆ ಇವತ್ತು ಕೈತಪ್ಪಿ ಅಳಿಸಿದ ಫೋಲ್ಡರು ಆ ಕ್ಷಣಕ್ಕೇ ಎರಡನೇ ಡಿಸ್ಕಿನಿಂದಲೂ ಹೋಗುತ್ತೆ. ನಮ್ಮನೇಲಿ ಡಿಸ್ಕು ಕೆಡೋದಕ್ಕಿಂತ ಕೈತಪ್ಪೋದೇ ಜಾಸ್ತಿ. ಹಾಗಾಗಿ ಎರಡೂ ಡಿಸ್ಕು ಬರೀ ಲಿನಕ್ಸ್‌ನ ಮಾಮೂಲಿ ಫಾರ್ಮ್ಯಾಟಾದ ಇಎಕ್ಸ್‌ಟಿ4, ದಿನಾ ರಾತ್ರಿ ಎರಡು ಗಂಟೆಗೆ ಆರ್‌ಸಿಂಕ್ ಒಂದರದ್ದನ್ನು ಇನ್ನೊಂದಕ್ಕೆ ನಕಲು ಮಾಡುತ್ತೆ. ಮೂಲದಲ್ಲಿ ಅಳಿಸಿದ್ದನ್ನು ನಕಲಿನಲ್ಲಿ ಅಳಿಸಬೇಡ ಅಂತ ಹೇಳಿಟ್ಟಿದ್ದೇನೆ. ಅಲ್ಲಿ ಕಸ ಸೇರುತ್ತೆ, ಸೇರಲಿ.

ಶುರುವಿನಲ್ಲಿ ತಲೆ ಕೆಡಿಸಿದ್ದು ವೇಗ. ಫೈಲು ಕಾಪಿ ಮಾಡಿದರೆ ಸೆಕೆಂಡಿಗೆ 11 ಎಂಬಿ ದಾಟದು. ಎರಡು ದಿನ ಡಿಸ್ಕನ್ನು ಬೈದೆ. ತಪ್ಪು ಇದ್ದದ್ದು ರೂಟರ್‌ನಲ್ಲಿ, ಅದರ ಲ್ಯಾನ್ ಪೋರ್ಟು ಬರೀ 100 ಎಂಬಿಪಿಎಸ್‌ನದ್ದು. ಒಂದು ಗಿಗಾಬಿಟ್ ಸ್ವಿಚ್ ತಂದು ಹಾಕಿದ ಮೇಲೆ 110ಕ್ಕೆ ಏರಿತು.

ಕರೆಂಟಿನ ಲೆಕ್ಕ ಕೇಳುವವರಿಗೆ: ಸುಮ್ಮನೆ ಓಡುವಾಗ 35 ವ್ಯಾಟ್, ತಿಂಗಳಿಗೆ ಸುಮಾರು 25 ಯೂನಿಟ್. ಗೃಹಜ್ಯೋತಿಗೆ 2022-23ರ ಸರಾಸರಿ ಹಿಡಿದರಲ್ಲ, ಅಷ್ಟರಲ್ಲಿ ಸರ್ವರ್ ಓಡುತ್ತಲೇ ಇತ್ತು, ಅದರ ಪಾಲೂ ಸರಾಸರಿಯಲ್ಲಿ ಸೇರಿಹೋಯಿತು. ಪುಣ್ಯ!

ಇನ್ನು ಸಿಡಿಲಿನ ಕಥೆ. ನಮ್ಮದು ಸಾಗರ. ಮಳೆಗಾಲ ಹಿಡಿಯೋ ಮುಂಚೆ ಇಲ್ಲಿ ಸಿಡಿಲಿನ ಹಾವಳಿ ಹೇಳತೀರದು. 2024ರ ಮೇನಲ್ಲಿ ಒಂದು ಸಂಜೆ ಹಿತ್ತಲಿನ ತೆಂಗಿಗೇ ಹೊಡೆಯಿತು. ಪಿಸಿ ಯುಪಿಎಸ್ ಮೇಲಿತ್ತು, ಆದರೆ ಫೈಬರ್ ಇಂಟರ್ನೆಟ್ಟಿನ ಡಬ್ಬಿ ಒಎನ್‌ಟಿ ಗೋಡೆಯ ಪ್ಲಗ್ಗಿನಲ್ಲಿತ್ತು. ಫೈಬರ್ ಗಾಜು, ಅದರಲ್ಲಿ ಕರೆಂಟು ಹರಿಯಲ್ಲ. ಅಡಾಪ್ಟರ್‌ನಲ್ಲಿ ಹೊಕ್ಕು ಲ್ಯಾನ್ ವೈರು ಹಿಡಿದು ಬಂದಿರಬೇಕು. ಒಎನ್‌ಟಿ, ಸ್ವಿಚ್, ಪಿಸಿಯ ಮದರ್‌ಬೋರ್ಡ್ ಮೂರೂ ಸತ್ತವು. ಕ್ಯಾಬಿನೆಟ್ ಬಿಚ್ಚಿದರೆ ಲ್ಯಾನ್ ಪೋರ್ಟಿನ ಪಕ್ಕ ಕಡಲೆಕಾಳಿನಷ್ಟು ಜಾಗ ಕಪ್ಪಗಾಗಿತ್ತು. ಹೆಂಡತಿ ಏನೂ ಕೇಳಲಿಲ್ಲ, ಟಾರ್ಚು ಹಿಡಿದು ಪಕ್ಕದಲ್ಲಿ ನಿಂತಿದ್ದಳು.

ಮಾರನೇ ದಿನ ಭಾವನ ಹಳೇ ಪಿಸಿ ತಂದು ಎಸ್‌ಎಸ್‌ಡಿ, ಎರಡೂ ಡಿಸ್ಕು ಅದಕ್ಕೆ ಚುಚ್ಚಿದೆ. ಬೂಟ್ ಆಯಿತು, ನೆಟ್‌ವರ್ಕ್ ಮಾತ್ರ ಸಿಗಲಿಲ್ಲ. ಬೋರ್ಡು ಬದಲಾದರೆ ಲ್ಯಾನ್ ಕಾರ್ಡಿನ ಹೆಸರೂ ಬದಲಾಗುತ್ತೆ. ಮಾನಿಟರ್ ಹಚ್ಚಿ ಓಎಂವಿ-ಫಸ್ಟ್‌ಏಡ್ ಅಂತ ಓಪನ್‌ಮೀಡಿಯಾವಾಲ್ಟಿನ ರಿಪೇರಿ ಕಮಾಂಡ್ ಕೊಟ್ಟು ಹೊಸ ಕಾರ್ಡು ಆರಿಸಿದೆ. ಮುಕ್ಕಾಲು ಗಂಟೆಯಲ್ಲಿ ಮಗಳ ಮೊದಲ ಹುಟ್ಟುಹಬ್ಬದ ಫೋಟೋ ಟೀವಿಯಲ್ಲಿ ಬಂತು. ಈಗ ಯಾರಾದರೂ ಯಾವುದು ಕೊಳ್ಳಲಿ ಅಂದರೆ ನಾನು ಒಂದೇ ಕೇಳೋದು: ಡಬ್ಬಿ ಸತ್ತರೆ ಅದರ ಡಿಸ್ಕನ್ನು ಇನ್ನೊಂದು ಯಂತ್ರದಲ್ಲಿ ಓದೋಕೆ ನಿಮ್ಮ ಕೈಲಿ ಆಗುತ್ತಾ?

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಫೋಟೋಗೆ ಇಮ್ಮಿಚ್, ಸಿನಿಮಾಕ್ಕೆ ಜೆಲ್ಲಿಫಿನ್, ಬೆಂಗಳೂರಿನ ತಮ್ಮ ಅಲ್ಲಿಂದಲೇ ಇದನ್ನೆಲ್ಲ ನೋಡೋಕೆ ಟೇಲ್‌ಸ್ಕೇಲ್. ಇಮ್ಮಿಚ್ ಮುಖ ಗುರುತು ಹಿಡಿಯುವಾಗ ಪಿಸಿ ಮೂರು ದಿನ ಏದುಸಿರು ಬಿಟ್ಟಿತು, ಆಮೇಲೆ ತೊಂದರೆಯಿಲ್ಲ. ಕಮಾಂಡ್ ಕಂಡರೆ ಹೆದರುವವರು ಸಿದ್ಧ ಡಬ್ಬಿಯನ್ನೇ ಕೊಳ್ಳಿ, ಅವಮಾನವೇನಿಲ್ಲ.

ಒಎನ್‌ಟಿ ಈಗ ಯುಪಿಎಸ್ ಮೇಲೆ. ಗುಡುಗು ಕೇಳಿದರೆ ಲ್ಯಾನ್ ವೈರು ಕೀಳೋ ಕೆಲಸ ಮಗಳದ್ದು. ಮೂರನೇ ಡಿಸ್ಕೊಂದು ಶಿವಮೊಗ್ಗದ ಅಕ್ಕನ ಮನೆ ಬೀರುವಿನಲ್ಲಿ, ಸೀರೆಗಳ ಕೆಳಗಿದೆ. ಹಬ್ಬಕ್ಕೆ ಹೋದಾಗ ತಂದು, ಹೊಸದನ್ನೆಲ್ಲ ತುಂಬಿಸಿ, ಮುಂದಿನ ಹಬ್ಬಕ್ಕೆ ಅಲ್ಲೇ ವಾಪಸ್ ಇಡುತ್ತೇವೆ.