ಹನ್ನೆರಡೋ, ನಲವತ್ಮೂರೋ? ಘಟ್ಟದ ದಾರಿಯಲ್ಲಿ ಸ್ಪ್ರಾಕೆಟ್ ಮತ್ತು ಚೈನ್ ಹೋಲಿಕೆ

ಶಿರಸಿಯಿಂದ ಹುಲೇಕಲ್ ಕಡೆಗೆ ನಮ್ಮ ಮನೆ. ಮನೆಯಿಂದ ತೋಟಕ್ಕೆ ಇಳಿಯುವುದು ಸುಲಭ, ವಾಪಸ್ ಹತ್ತುವುದೇ ಕಷ್ಟ. ಮಧ್ಯದಲ್ಲೊಂದು ತಿರುವಿನಲ್ಲಿ ಮಳೆಗೆ ಮಣ್ಣು ಕೊಚ್ಚಿಹೋಗಿ, ಕಲ್ಲು ಮೆಟ್ಟಿಲಿನ ಹಾಗೆ ಎದ್ದು ನಿಂತಿದೆ. ಬೈಕಿನಲ್ಲಿ ಮೊದಲ ಗೇರ್ ಹಾಕಿ ನಿಧಾನವಾಗಿ ಬಂದರೆ ಎಂಜಿನ್ ಕೆಮ್ಮಿ ನಿಲ್ಲುತ್ತಿತ್ತು. ಜೋರಾಗಿ ಬಂದರೆ ಹಿಂದಿನ ಚಕ್ರ ಸುಮ್ನೆ ತಿರುಗುತ್ತಿತ್ತು. ಅರ್ಧ ಕ್ಲಚ್ ಹಿಡಿದೇ ಹತ್ತಬೇಕು, ಮೇಲೆ ಬರುವಷ್ಟರಲ್ಲಿ ಸುಟ್ಟ ವಾಸನೆ. ಆ ತಿರುವಿನಿಂದಾಗಿ ಎರಡು ವರ್ಷದಲ್ಲಿ ನಾಲ್ಕು ಥರದ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಜೋಡಿ, ಮೂರು ಥರದ ಚೈನ್ ನೋಡಿದೆ.

ಬೈಕ್ 200 ಸಿಸಿಯದು. ಮುಂದೆ 21 ಇಂಚಿನ ಚಕ್ರ, ಹಿಂದೆ 18. ಹಳೆಯದನ್ನೇ ಕೊಂಡಿದ್ದು. ತಂದ ದಿನ ಹಲ್ಲು ಎಣಿಸಿದೆ. ಮುಂದೆ, ಎಂಜಿನ್ ಪಕ್ಕದ ಸ್ಪ್ರಾಕೆಟಿನಲ್ಲಿ 13; ಹಿಂದೆ, ಚಕ್ರದ ಸ್ಪ್ರಾಕೆಟಿನಲ್ಲಿ 40. ಅಂದರೆ ಹಿಂದಿನ ಚಕ್ರ ಒಂದು ಸುತ್ತು ತಿರುಗಲು ಮುಂದಿನ ಸ್ಪ್ರಾಕೆಟ್ 3.08 ಸುತ್ತು ತಿರುಗಬೇಕು. ಈ ಸಂಖ್ಯೆ ಹೆಚ್ಚಾದಷ್ಟೂ ಎಳೆಯುವ ತಾಕತ್ತು ಜಾಸ್ತಿ, ಓಟ ಕಡಿಮೆ.

13/40 ಕೆಟ್ಟದ್ದೇನಲ್ಲ. ಕುಮಟಾದಿಂದ ಕಾರವಾರಕ್ಕೆ ಹೆದ್ದಾರಿ 66ರಲ್ಲಿ ಹೋಗುವಾಗ ಬೈಕ್ ಹಾಯಾಗಿ ಓಡುತ್ತಿತ್ತು. ದೇವಿಮನೆ ಘಟ್ಟ ಹತ್ತುವಾಗ ಮಾತ್ರ ಎರಡನೇ ಗೇರಿಗೂ ಮೂರನೇ ಗೇರಿಗೂ ಮಧ್ಯೆ ಜಗಳ. ಎರಡರಲ್ಲಿ ಕಿರುಚುತ್ತದೆ, ಮೂರಕ್ಕೆ ಹಾಕಿದರೆ ಉಸಿರು ಸಾಲುವುದಿಲ್ಲ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಮುಂದಿನ 13ನ್ನು ತೆಗೆದು 12 ಹಾಕಿದೆ. ಖರ್ಚು ಐನೂರರ ಒಳಗೆ ಮುಗಿಯಿತು. ಅಂಗಳದಲ್ಲೇ ಅರ್ಧ ಗಂಟೆಯ ಕೆಲಸ. ಎಂಜಿನ್ ಪಕ್ಕದ ಕವರ್ ತೆಗೆದು, ಹಿಂದಿನ ಆಕ್ಸಲ್ ಸಡಿಲ ಮಾಡಿ ಚೈನ್ ಇಳಿಸಿದರಾಯಿತು. ಸ್ಪ್ರಾಕೆಟ್ ಬೋಲ್ಟನ್ನು ಮಾತ್ರ ಚೈನ್ ಇಳಿಸುವ ಮೊದಲೇ ಸಡಿಲ ಮಾಡಿಕೊಳ್ಳಿ, ಹಿಂದಿನ ಬ್ರೇಕ್ ಒತ್ತಿ ಹಿಡಿದು. ಚೈನ್ ಇಳಿದ ಮೇಲೆ ಸ್ಪ್ರಾಕೆಟ್ ಸ್ಪಾನರಿನ ಜೊತೆಗೇ ತಿರುಗುತ್ತದೆ. ನನಗೆ ಮೊದಲ ಸಲ ಆಗಿದ್ದು ಅದೇ.

12/40 ಅಂದರೆ 3.33. ಒಂದೇ ಹಲ್ಲು ಕಡಿಮೆಯಾದರೂ ಶೇಕಡಾ 8ರಷ್ಟು ಬದಲಾವಣೆ. ತೋಟದ ತಿರುವಿನಲ್ಲಿ ಮೊದಲ ದಿನವೇ ಗೊತ್ತಾಯಿತು. ಕ್ಲಚ್ ಪೂರ್ತಿ ಬಿಟ್ಟೇ, ಎಂಜಿನ್ ಟಕ್ ಟಕ್ ಅನ್ನುತ್ತಾ ಕಲ್ಲು ಹತ್ತಿತು. ದೇವಿಮನೆಯಲ್ಲಿ ಮೂರನೇ ಗೇರ್ ಕೆಲಸಕ್ಕೆ ಬಂತು. ಇಳಿಯುವಾಗಲೂ ಲಾಭ. ಎಂಜಿನ್ನೇ ಹಿಡಿದುಕೊಳ್ಳುವುದರಿಂದ ಹಿಂದಿನ ಬ್ರೇಕಿಗೆ ಕಾಲು ಇಡುವುದು ಕಡಿಮೆಯಾಯಿತು. ಮಳೆಗಾಲದಲ್ಲಿ, ಎಲೆ ಕೊಳೆತು ಜಾರುವ ಕಡೆ ಇದು ಸಣ್ಣ ಮಾತಲ್ಲ.

ಹೆದ್ದಾರಿಯಲ್ಲಿ ಮಾತ್ರ ಬೇರೆ ಕಥೆ. ಮೊದಲು ಎಂಜಿನ್ ನಿಮಿಷಕ್ಕೆ 5,000 ಸುತ್ತು ತಿರುಗಿದಾಗ ಸಿಗುತ್ತಿದ್ದ ವೇಗಕ್ಕೆ ಈಗ 5,400 ಬೇಕು. ಹ್ಯಾಂಡಲ್ಲಿನಲ್ಲಿ ನಡುಕ. ಬೇಲೇಕೇರಿಯ ನಮ್ಮ ಭಾವ ಒಂದು ರೌಂಡ್ ಹೊಡೆದು ಬಂದು, "ಭಾವ, ಇದು ಓಡ್ತದ, ಸುಮ್ನೆ ಕೂಗ್ತದ?" ಅಂದರು. ಪೆಟ್ರೋಲ್ ಲೆಕ್ಕದಲ್ಲಿ ಲೀಟರಿಗೆ ಎರಡು ಮೂರು ಕಿಲೋಮೀಟರ್ ಕಡಿಮೆ ಬಂತು. ನನ್ನ ಬೈಕಿನ ಮೀಟರ್ ಮುಂದಿನ ಚಕ್ರದಿಂದ ಓದುವುದರಿಂದ ವೇಗ ಸರಿಯಾಗೇ ತೋರಿಸಿತು. ಗೇರ್ ಬಾಕ್ಸಿನಿಂದ ಓದುವ ಬೈಕಾದರೆ ನಿಜವಾದ 60ನ್ನು 65 ಅಂತ ತೋರಿಸುತ್ತದೆ. ಮೀಟರಿನಲ್ಲಿ ಓಡಿದ ದೂರವೂ ಹಾಗೇ ಉಬ್ಬುತ್ತದೆ, ಮೈಲೇಜ್ ಜಾಸ್ತಿಯಾಯಿತು ಅಂತ ಖುಷಿಪಡಬೇಡಿ.

ಇಷ್ಟಕ್ಕೇ ನಿಂತಿದ್ದರೆ ನಾನು 12ರಲ್ಲೇ ಇರುತ್ತಿದ್ದೆ. ಆರು ತಿಂಗಳ ನಂತರ ಹಿಂದಿನ ಚಕ್ರ ಬಿಚ್ಚಿದಾಗ ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಮೇಲಿನ ಪ್ಲಾಸ್ಟಿಕ್ ಪಟ್ಟಿ ಕಣ್ಣಿಗೆ ಬಿತ್ತು. ಚೈನ್ ಅದರಲ್ಲಿ ಕಾಲುವೆ ಕೊರೆದಿತ್ತು. ಮುಂದಿನ ಸ್ಪ್ರಾಕೆಟ್ ಸಣ್ಣದಾದರೆ ಚೈನ್ ಕೆಳಗೆ ಇಳಿದು ಆ ಪಟ್ಟಿಯ ಮೇಲೆ ಉಜ್ಜುತ್ತದೆ. ಅದಲ್ಲದೆ 13 ಹಲ್ಲಿನ ಮೇಲೆ ಪ್ರತಿ ಕೊಂಡಿ ಸುಮಾರು 27.7 ಡಿಗ್ರಿ ಬಾಗಿದರೆ, 12ರ ಮೇಲೆ 30 ಡಿಗ್ರಿ ಬಾಗಬೇಕು. ಬಾಗುವಾಗಲೇ ಅಲ್ವಾ ಪಿನ್ನು ಸವೆಯುವುದು? ಇನ್ನೊಂದು ಸೂಕ್ಷ್ಮ ಇದೆ. ಚೈನಿನಲ್ಲಿ ಒಳಕೊಂಡಿ, ಹೊರಕೊಂಡಿ ಒಂದಾದ ಮೇಲೊಂದು ಬರುತ್ತವೆ. ಸ್ಪ್ರಾಕೆಟ್ ಹಲ್ಲು ಸಮಸಂಖ್ಯೆಯಲ್ಲಿದ್ದರೆ ಒಂದು ಹಲ್ಲಿಗೆ ಯಾವಾಗಲೂ ಒಂದೇ ಥರದ ಕೊಂಡಿ ಸಿಗುತ್ತದೆ. 13ರಂಥ ಬೆಸಸಂಖ್ಯೆಯಲ್ಲಿ ಎರಡೂ ಸರದಿಯಲ್ಲಿ ಸಿಕ್ಕಿ, ಸವೆತ ಹಂಚಿಹೋಗುತ್ತದೆ. ದಿನಕ್ಕೆ ಹತ್ತು ಕಿಲೋಮೀಟರ್ ಓಡಿಸುವವರಿಗೆ ಇದರಿಂದ ಏನೂ ಆಗದು. ನನಗಂತೂ ಪಟ್ಟಿಯ ಮೇಲಿನ ಕಾಲುವೆ ನೋಡಿ ಮನಸ್ಸು ಕೆಟ್ಟಿತು.

ಮಧ್ಯದಲ್ಲಿ ಒಂದು ತಿಂಗಳು 14 ಹಾಕಿ ನೋಡಿದೆ, ಕಚೇರಿ ಕೆಲಸಕ್ಕೆ ಕಾರವಾರಕ್ಕೆ ಪದೇ ಪದೇ ಹೋಗುವುದಿತ್ತು ಅಂತ. ಅಂಕೋಲಾ ದಾಟಿದ ಮೇಲೆ ಬೆಣ್ಣೆಯ ಹಾಗೆ ಓಡಿತು. ವಾಪಸ್ ಬರುವಾಗ ಘಟ್ಟದಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡು, ದಾರಿಯುದ್ದಕ್ಕೂ ಅದರ ಹೊಗೆ ಕುಡಿದೆ. ತೋಟಕ್ಕೆ ಇಳಿಸುವ ಧೈರ್ಯವನ್ನೇ ಮಾಡಲಿಲ್ಲ. ಘಟ್ಟದ ಮೇಲಿನವರಿಗೆ 14 ಬೇಡ.

ಆಮೇಲೆ ಬಂದದ್ದು 13/43. ಲೆಕ್ಕ ಹಾಕಿದರೆ 3.31. ಮೊದಲಿನ 12/40ರ 3.33ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಶೇಕಡಾ ಒಂದಕ್ಕಿಂತ ಕಡಿಮೆ. ಮುಂದೆ ಒಂದು ಹಲ್ಲು ಇಳಿಸುವುದೂ ಹಿಂದೆ ಮೂರು ಹಲ್ಲು ಏರಿಸುವುದೂ ಹೆಚ್ಚುಕಡಿಮೆ ಒಂದೇ ಅಂತ ಹೇಳುವುದು ಇದಕ್ಕೇ. ಕಲ್ಲಿನ ತಿರುವಿನಲ್ಲಿ ಎರಡಕ್ಕೂ ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಹೆದ್ದಾರಿಯಲ್ಲಿ ಕೂಗುವುದೂ ಅಷ್ಟೇ. ಆದರೆ ಚೈನ್ ಓಡುವ ಸದ್ದೇ ಬದಲಾಯಿತು. ನಿಧಾನವಾಗಿ ಹೋಗುವಾಗ ಕಾಲಡಿಯಲ್ಲಿ ಬರುತ್ತಿದ್ದ ಕಟಕಟ ನಿಂತಿತು, ಹೊಸ ಪಟ್ಟಿ ಒಂದು ಮಳೆಗಾಲ ಕಳೆದರೂ ಚೆನ್ನಾಗಿದೆ.

ಇದರ ತಾಪತ್ರಯ ಬೇರೆ ಕಡೆ. ಹಿಂದೆ ಮೂರು ಹಲ್ಲು ಏರಿಸಿದರೆ ಚಕ್ರ ಸುಮಾರು 12 ಮಿ.ಮೀ. ಮುಂದಕ್ಕೆ ಬರಬೇಕು. ನನ್ನ ಹಳೆಯ 110 ಕೊಂಡಿಯ ಚೈನ್ ಸಾಲಲೇ ಇಲ್ಲ, 112ರದ್ದು ತರಿಸಬೇಕಾಯಿತು. ಸ್ಪ್ರಾಕೆಟಿನ ಅಂಚು ಏಳೆಂಟು ಮಿ.ಮೀ. ಹೊರಗೆ ಬರುವುದರಿಂದ ಚೈನ್ ಕವರಿಗೆ ತಾಗುತ್ತದೋ ನೋಡಿಕೊಳ್ಳಬೇಕು. ಒಟ್ಟು ಖರ್ಚು 12ಕ್ಕೆ ಹಾಕಿದ್ದರ ಹತ್ತರಷ್ಟು ದಾಟಿತು. ಹಾಗಾಗಿ ನಾನು ಹೇಳುವುದಿಷ್ಟು. ಗೇರಿಂಗ್ ನಿಮಗೆ ಒಗ್ಗುತ್ತದೋ ಅಂತ ನೋಡಲು 12 ಹಾಕಿ. ಒಗ್ಗಿದರೆ, ಚೈನ್ ಬದಲಿಸುವ ಕಾಲ ಬಂದಾಗ 13/43ಕ್ಕೆ ಹೋಗಿ. 12/43 ಎರಡನ್ನೂ ಸೇರಿಸಿ ಒಂದು ವಾರ ಓಡಿಸಿದ್ದೇನೆ, 3.58 ಆಗುತ್ತದೆ. ಮರ ಹತ್ತಿಸುವುದಿದ್ದರೆ ಸರಿ.

ಅಲ್ಯೂಮಿನಿಯಂ ಸ್ಪ್ರಾಕೆಟ್ ನೋಡಲು ಚಂದ, ಹಗುರ. ನಮ್ಮ ಕೆಂಪು ಮಣ್ಣಿನ ಕೆಸರು ಅರದ ಹಾಗೆ ಕೆಲಸ ಮಾಡುತ್ತದೆ. ಸ್ಟೀಲ್ ತೆಗೆದುಕೊಳ್ಳಿ.

ಈಗ ಚೈನ್. ನನ್ನದು 520 ಅಳತೆ. ಮೊದಲ ಅಂಕಿ ಪಿನ್ನಿನಿಂದ ಪಿನ್ನಿಗೆ ಇರುವ ದೂರ, ಇಂಚಿನ ಎಂಟನೇ ಭಾಗದ ಲೆಕ್ಕದಲ್ಲಿ. ಐದು ಅಂದರೆ 15.875 ಮಿ.ಮೀ. ಉಳಿದ ಎರಡು ಅಂಕಿ ಒಳಗಿನ ಅಗಲಕ್ಕೆ. 428 ಚೈನಿನಲ್ಲಿ ಆ ದೂರ 12.7 ಮಿ.ಮೀ. ಮಾತ್ರ. ಹಾಗಾಗಿ ಒಂದರ ಸ್ಪ್ರಾಕೆಟ್ ಇನ್ನೊಂದಕ್ಕೆ ಕೂರುವುದಿಲ್ಲ.

ಸಾದಾ ಚೈನ್ ಭಾವನ ಬೈಕಿನಲ್ಲಿತ್ತು, ನನ್ನದರಲ್ಲಿ ಓ ರಿಂಗ್. ಒಂದೇ ಜೂನ್ ತಿಂಗಳಲ್ಲಿ ಇಬ್ಬರೂ ಹೊಸ ಚೈನ್ ಹಾಕಿದೆವು. ಅವರದು ಕಡಲ ಗಾಳಿ, ನನ್ನದು ಘಟ್ಟದ ಮಳೆ. ಸಾದಾ ಚೈನ್ ಹಗುರ, ಅಗ್ಗ, ಸಲೀಸಾಗಿ ತಿರುಗುತ್ತದೆ. ಆದರೆ ಪಿನ್ನಿಗೆ ಬೇಕಾದ ಎಣ್ಣೆಯನ್ನು ಹೊರಗಿನಿಂದ ನಾವೇ ಕೊಡಬೇಕು. ಭಾವ ಎರಡು ದಿನಕ್ಕೊಮ್ಮೆ ಹಳೆಯ ಎಂಜಿನ್ ಆಯಿಲ್ ಹಚ್ಚುತ್ತಿದ್ದರು. ಆ ಎಣ್ಣೆಗೆ ಮರಳು ಅಂಟಿ ಚಟ್ನಿಯಾಗುತ್ತಿತ್ತು, ಚೈನ್ ಅದರಲ್ಲೇ ಅರೆದುಕೊಳ್ಳುತ್ತಿತ್ತು. ಗಣೇಶ ಚೌತಿಗೆ ಮನೆಗೆ ಬಂದಾಗ ನೋಡಿದರೆ ಚೈನ್ ಬಿಗಿ ಮಾಡುವ ಅಡ್ಜಸ್ಟರ್ ಕೊನೆಯ ಗೆರೆಗೆ ಬಂದಿತ್ತು.

ಓ ರಿಂಗ್ ಚೈನಿನಲ್ಲಿ ಗ್ರೀಸನ್ನು ಕಾರ್ಖಾನೆಯಲ್ಲೇ ಪಿನ್ನಿನ ಸುತ್ತ ತುಂಬಿ, ಕೊಂಡಿಯ ಪಟ್ಟಿಗಳ ನಡುವೆ ರಬ್ಬರ್ ಉಂಗುರ ಕೂರಿಸಿರುತ್ತಾರೆ. ನಾವು ಎಣ್ಣೆ ಹಚ್ಚುವುದು ರೋಲರಿಗೆ, ರಬ್ಬರಿಗೆ, ಮತ್ತೆ ತುಕ್ಕು ಬಾರದ ಹಾಗೆ. ಅದೇ ಚೌತಿಯ ದಿನ ನನ್ನದನ್ನೂ ಅಳೆದೆವು. ಬಿಗಿಯಾಗಿ ಎಳೆದು 21 ಪಿನ್ ಎಣಿಸಿದರೆ ನಡುವೆ 20 ಕೊಂಡಿ ಸಿಗುತ್ತವೆ. ಹೊಸ 520 ಚೈನಿನಲ್ಲಿ ಅದು 317.5 ಮಿ.ಮೀ. 323 ಮುಟ್ಟಿದರೆ ಚೈನಿನ ಆಯಸ್ಸು ಮುಗಿಯಿತು. ನನ್ನದು 318 ಚಿಲ್ಲರೆ ಇತ್ತು, ಭಾವನದು 323 ದಾಟಿತ್ತು. ಅವರು ಎರಡು ಸಲ ಅಳೆದರು.

ಓ ರಿಂಗಿಗೂ ಶತ್ರುಗಳಿದ್ದಾರೆ. ಪೆಟ್ರೋಲಿನಲ್ಲಿ ತೊಳೆದರೆ ರಬ್ಬರ್ ಹಾಳು. ತಂತಿ ಬ್ರಷ್ ಹಾಕಿದರೆ ಉಂಗುರ ಹರಿಯುತ್ತದೆ. ಸರ್ವಿಸ್ ಸ್ಟೇಷನ್ನಿನ ಜೋರು ನೀರನ್ನು ಹತ್ತಿರದಿಂದ ಬಿಟ್ಟರೆ ನೀರು ಒಳಗೆ ನುಗ್ಗುತ್ತದೆ. ಸೀಮೆಎಣ್ಣೆ, ಮೆತ್ತನೆಯ ಬ್ರಷ್, ಹಳೆಯ ಪಂಚೆಯ ತುಂಡು ಸಾಕು. ಕಡಲ ಕಡೆ ಹೋಗಿ ಬಂದ ದಿನ ಮಾತ್ರ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚಿ. ಬೇಲೇಕೇರಿಯಲ್ಲಿ ಒಂದು ರಾತ್ರಿ ನಿಲ್ಲಿಸಿದ್ದಕ್ಕೇ ನನ್ನ ಚೈನಿನ ಹೊರಪಟ್ಟಿ ಕೆಂಪಾಗಿತ್ತು.

ಈಗ 43ರ ಜೊತೆ ಓಡುತ್ತಿರುವುದು ಎಕ್ಸ್ ರಿಂಗ್. ಉಂಗುರವನ್ನು ಅಡ್ಡ ಕತ್ತರಿಸಿದರೆ ಎಕ್ಸ್ ಆಕಾರ ಕಾಣುತ್ತದೆ. ಒಂದು ಕಡೆಗೆ ಎರಡು ತುಟಿ. ಇದರಿಂದ ಗ್ರೀಸ್ ಚೆನ್ನಾಗಿ ಉಳಿಯುತ್ತದೆ, ತಿಕ್ಕಾಟ ಕಡಿಮೆ ಅನ್ನುತ್ತಾರೆ. ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದರೆ ಓ ರಿಂಗಿಗಿಂತ ಸಲೀಸು, ನಿಜ. ಓಡಿಸುವಾಗ ಮಾತ್ರ ನನಗೆ ಏನೂ ಗೊತ್ತಾಗಿಲ್ಲ. ದುಡ್ಡು ಲೆಕ್ಕ ಹಾಕುವವರಿಗೆ ಓ ರಿಂಗ್ ಧಾರಾಳ ಸಾಕು.

ಚೈನಿನ ಎರಡು ತುದಿ ಜೋಡಿಸುವ ಲಾಕಿನ ಕಥೆ ಹೇಳದಿದ್ದರೆ ತಪ್ಪಾಗುತ್ತದೆ. ಒಂದು ಗ್ಯಾರೇಜಿನಲ್ಲಿ ಕ್ಲಿಪ್ಪನ್ನು ತಿರುಗುಮುರುಗು ಹಾಕಿಕೊಟ್ಟಿದ್ದರು. ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗಿರಬೇಕು, ಸೀಳಿದ ಬಾಯಿ ಹಿಂದಕ್ಕೆ. ನಾನೂ ನೋಡಲಿಲ್ಲ. ಯಾಣದ ದಾರಿಯಲ್ಲಿ ಕ್ಲಿಪ್ ಎಲ್ಲೋ ಹಾರಿ, ಚೈನ್ ಹಾವಿನ ಹಾಗೆ ರಸ್ತೆಯಲ್ಲಿ ಬಿದ್ದಿತ್ತು. ಎಂಜಿನ್ ಕೇಸಿಗೆ ಬಡಿಯಲಿಲ್ಲ, ಪುಣ್ಯ. ಅಂದಿನಿಂದ ಸೀಟಿನ ಕೆಳಗೆ ಒಂದು ಲಾಕ್ ಇಟ್ಟಿರುತ್ತೇನೆ.

ಬಿಗಿ ಮಾಡುವಾಗಲೂ ಒಂದು ಮಾತು. ಇಂಥ ಬೈಕುಗಳಲ್ಲಿ ಸಸ್ಪೆನ್ಷನ್ ಉದ್ದ. ಸ್ಟ್ಯಾಂಡಿನಲ್ಲಿ ಸರಿ ಕಂಡ ಚೈನ್, ಇಬ್ಬರು ಕೂತಾಗ ತಂತಿಯ ಹಾಗೆ ಬಿಗಿಯಾಗುತ್ತದೆ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಪಿವಟ್ (ಆ ತೋಳಿನ ಕೀಲು), ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿಯಾಗಿರುತ್ತದೆ. ಯಾರನ್ನಾದರೂ ಕೂರಿಸಿ ಆ ಸ್ಥಿತಿಗೆ ತಂದು, ಆಗಲೂ ಸ್ವಲ್ಪ ಸಡಿಲ ಉಳಿದಿದೆಯೋ ನೋಡಿ. ನಾನು ಭಾವನನ್ನೇ ಕೂರಿಸುತ್ತೇನೆ. ಆ ಕೆಲಸಕ್ಕೆ ಅವರಷ್ಟು ಯೋಗ್ಯರು ನಮ್ಮ ನೆಂಟರಲ್ಲಿ ಇನ್ನೊಬ್ಬರಿಲ್ಲ.

ನನ್ನ ಹಳೆಯ 12 ಹಲ್ಲಿನ ಸ್ಪ್ರಾಕೆಟನ್ನು ಕಳೆದ ತಿಂಗಳು ಅವರೇ ಕೇಳಿ ತೆಗೆದುಕೊಂಡು ಹೋದರು, ಒಂದು ವಾರ ನೋಡಿ ಕೊಡುತ್ತೇನೆ ಅಂತ. ಚೈನ್ ಹೊಸದು ಹಾಕಿ ಅಂದಿದ್ದೆ. ಮೊನ್ನೆ ಫೋನ್ ಮಾಡಿದಾಗ ಹಿಂದಿನಿಂದ ಬೈಕ್ ಶುರುವಾದ ಸದ್ದು ಕೇಳಿತು. ಕಟಕಟ ಅನ್ನುತ್ತಿತ್ತು.